‘ಪಟ್ಟಿ ಇದೆ, ವಿಶ್ಲೇಷಣೆ ಇಲ್ಲ’ ಅಂದ್ರೆ ಏನು ಮಾಡ್ಬೇಕು?

ಪ್ರಶ್ನೆ: ಸರ್, ನಾನು ಡೊಂಬಿವಲಿಯಲ್ಲಿರೋದು, ಮುಂಬಯಿಯ ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ, ಜೊತೆಗೆ ಕನ್ನಡ ಎಂ.ಎ. ಮಾಡ್ತಿದೀನಿ. ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ವಚನದ ವಸ್ತು ಮತ್ತು ತಂತ್ರದ ಬಗ್ಗೆ ಅಸೈನ್‌ಮೆಂಟ್ ಇತ್ತು. ವಸ್ತು ಸಹನೆ, ತಂತ್ರ ದೃಷ್ಟಾಂತ, ಪ್ರಶ್ನೆ, ಪುನರಾವರ್ತನೆ, ಅಂಕಿತ ಅಂತ ಎಲ್ಲಾ ಉದಾಹರಣೆ ಸಮೇತ ಬರೆದೆ. ಮೇಡಮ್ ‘ಪಟ್ಟಿ ಇದೆ, ವಿಶ್ಲೇಷಣೆ ಇಲ್ಲ’ ಅಂತ ಬರೆದು ವಾಪಸ್ ಕೊಟ್ರು. ಇದಕ್ಕಿಂತ ಇನ್ನೇನು ಬರೀಬೇಕು? ಮುಂದಿನ ಸಲ ಸಣ್ಣಕಥೆ ಮೇಲೆ ಬರೀಬೇಕು, ಅದಕ್ಕೂ ಇದೇ ದಾರಿನಾ?

ಉತ್ತರ: ಮೇಡಮ್ ಹೇಳಿದ್ದು ಸರಿ, ಆದ್ರೆ ಅಷ್ಟು ಬರೆದು ಬಿಟ್ರೆ ಓದೋರಿಗೆ ತಲೆ ಕೆಡೋದು ಗ್ಯಾರಂಟಿ, ಯಾಕಂದ್ರೆ ನೀವು ಬರೆದಿದ್ರಲ್ಲಿ ತಪ್ಪು ಅನ್ನೋದು ಒಂದೂ ಇಲ್ಲ. ಸಹನೆ ಹೌದು, ದೃಷ್ಟಾಂತ ಹೌದು, ಪ್ರಶ್ನೆ ಹೌದು. ತೊಂದರೆ ಏನಂದ್ರೆ ಇದೇ ಪಟ್ಟಿಯನ್ನ ಇನ್ನೂ ಐವತ್ತು ವಚನಕ್ಕೆ ಹಾಗೇ ಅಂಟಿಸಬಹುದು, ಯಾರಿಗೂ ಗೊತ್ತಾಗಲ್ಲ. ಈ ವಚನಕ್ಕೆ ಮಾತ್ರ ಹೊಂದೋ, ಬೇರೆ ಯಾವುದಕ್ಕೂ ಹೊಂದದೇ ಇರೋ ಒಂದು ಮಾತಾದ್ರೂ ನಿಮ್ಮ ಬರಹದಲ್ಲಿ ಇರ್ಬೇಕು, ಮೇಡಮ್ ಕೇಳ್ತಿರೋದು ಅದನ್ನ.

ಅದು ಎಲ್ಲಿ ಸಿಗುತ್ತೆ? ನಾನು ಹುಡುಗರಿಗೆ ಹೇಳ್ತಿದ್ದದ್ದು ಇಷ್ಟೇ: ವಸ್ತುವನ್ನ ಮೊದಲೇ ಹುಡುಕೋಕೆ ಹೋಗ್ಬೇಡಿ, ತಂತ್ರಗಳನ್ನ ಮೊದಲೇ ಎಣಿಸೋಕೂ ಕೂರಬೇಡಿ, ಪಠ್ಯ ತಾನೇ ಹಾಕಿಕೊಂಡ ಜಾಡನ್ನ ಎಲ್ಲಿ ಬಿಡುತ್ತೆ ನೋಡಿ. ಒಂದೇ ಥರ ಹೋಗ್ತಿದ್ದ ಸಾಲು ಎಲ್ಲೋ ಒಂದು ಕಡೆ ಸ್ವಲ್ಪ ಬದಲಾಗುತ್ತಲ್ಲ, ಕಿವಿಗೆ ಒಂಚೂರು ಎಡವಿದ ಹಾಗಾಗುತ್ತಲ್ಲ, ಅಲ್ಲಿ ನಿಲ್ಲಿ. ವಸ್ತು ಬೇರೆ ತಂತ್ರ ಬೇರೆ ಅಂತ ನೀವು ಎರಡು ಹೆಡ್ಡಿಂಗ್ ಹಾಕಿದ್ದೀರಲ್ಲ, ಆ ಜಾಗದಲ್ಲಿ ಎರಡೂ ಒಂದೇ ಆಗಿರುತ್ತೆ. ಹೇಳಿದ್ರೆ ತಿಳಿಯಲ್ಲ, ನಿಮ್ಮ ವಚನವನ್ನೇ ತಗೊಳ್ಳೋಣ. ಪ್ರಕಟಣೆಯಿಂದ ಪ್ರಕಟಣೆಗೆ ಒಂದೆರಡು ಅಕ್ಷರ ಆಚೀಚೆ ಇರುತ್ತೆ, ಅದೇನೂ ಅಡ್ಡಿಯಿಲ್ಲ.

ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದೊಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆತೆರೆಗಳಿಗಂಜಿದೊಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದೊಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ
ಸ್ತುತಿ ನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು.

ಜೋರಾಗಿ ಓದಿ, ಮನಸ್ಸಲ್ಲೇ ಓದಿದ್ರೆ ಸಾಲಲ್ಲ. ಮೊದಲ ಮೂರು ಪ್ರಶ್ನೆ ಒಂದೇ ಅಚ್ಚಲ್ಲಿ ತೆಗೆದ ಹಾಗಿವೆ ಅಲ್ವಾ, ಒಂದು ಜಾಗ, ಅಲ್ಲೊಂದು ಮನೆ, ಆಮೇಲೆ ಒಂದು ಕಾಟ, ಕೊನೆಗೆ ‘ಎಂತಯ್ಯಾ’. ನೀವು ಇದನ್ನ ‘ಪುನರಾವರ್ತನೆ’ ಅಂತ ಬರೆದು ಟಿಕ್ ಹಾಕಿ ಮುಂದೆ ಹೋದ್ರಿ. ಆದ್ರೆ ಪುನರಾವರ್ತನೆಯಲ್ಲಿ ನೋಡಬೇಕಾದ್ದು ಏನು ಮತ್ತೆ ಬಂತು ಅನ್ನೋದಲ್ಲ, ಏನು ಮತ್ತೆ ಬರಲಿಲ್ಲ ಅನ್ನೋದು. ಮೃಗಕ್ಕೆ ಅಂಜಿದರೆ, ತೆರೆಗೆ ಅಂಜಿದರೆ... ಮೂರನೇದ್ರಲ್ಲೂ ಅಂಜಿಕೆನೇ ಬರ್ಬೇಕಿತ್ತು, ಬರಲಿಲ್ಲ. ನಾಚಿದರೆ ಅಂತ ಬಂತು.

ಇದು ನನ್ನ ಕಣ್ಣಿಗೆ ಬಿದ್ದದ್ದಲ್ಲ ಅನ್ನೋದನ್ನ ಹೇಳ್ಬಿಡ್ತೀನಿ. ಮುಂಬಯಿಯ ರಾತ್ರಿ ಶಾಲೆಗಳ ಬಗ್ಗೆ ನಿಮ್ಮ ಮನೆ ಹಿರಿಯರನ್ನ ಕೇಳಿದ್ರೆ ಹೇಳ್ತಾರೆ, ಹಗಲೆಲ್ಲಾ ಉಡುಪಿ ಹೋಟೆಲ್‌ಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಬರ್ತಿದ್ದ ಹುಡುಗರು, ಅಂಥ ಒಂದು ಶಾಲೆಯಲ್ಲಿ ನಾನು ಪಾಠ ಮಾಡ್ತಿದ್ದೆ. ಈ ವಚನ ಓದಿಸ್ತಿದ್ದಾಗ ಒಬ್ಬ ಕೈ ಎತ್ತಿ ಕೇಳಿದ, ಸರ್, ಸಂತೆಯಲ್ಲಿ ಮನೆ ಮಾಡಿದವನಿಗೆ ಶಬ್ದದಿಂದ ಕಿರಿಕಿರಿ ಆಗ್ಬೇಕು, ನಿದ್ದೆ ಬರಬಾರದು, ನಾಚಿಕೆ ಯಾಕಾಗುತ್ತೆ? ಅವನು ಮಲಗ್ತಿದ್ದದ್ದು ಭುಲೇಶ್ವರದ ಮಾರ್ಕೆಟ್ ಹಿಂದಿನ ಒಂದು ಖೋಲಿಯಲ್ಲಿ, ಅಂದ್ರೆ ಸಂತೆಯೊಳಗಿನ ಮನೆ ಅವನಿಗೆ ರೂಪಕವೂ ಅಲ್ಲ ದೃಷ್ಟಾಂತವೂ ಅಲ್ಲ, ಅಡ್ರೆಸ್. ಕ್ಲಾಸಲ್ಲಿ ಎಲ್ಲರೂ ನಕ್ಕರು. ಆದ್ರೆ ಪ್ರಶ್ನೆ ಅಂದ್ರೆ ಅದು ನೋಡಿ, ಡಾಕ್ಟರೇಟ್ ಮಾಡಿದವರೂ ಕೇಳದೇ ದಾಟಿ ಹೋಗೋ ಪ್ರಶ್ನೆ.

ಈಗ ಅದರ ಬೆನ್ನು ಹತ್ತಿ. ಮೃಗ ಮೈಗೆ ಹಾನಿ ಮಾಡುತ್ತೆ, ತೆರೆ ಮನೆಯನ್ನೇ ಕೊಚ್ಚಿಕೊಂಡು ಹೋಗುತ್ತೆ, ಹಾಗಾಗಿ ಅಲ್ಲಿ ಭಯ ಸಹಜ. ಸಂತೆಯ ಶಬ್ದ ಮೈ ಮುಟ್ಟಲ್ಲ. ನಾಚಿಕೆ ಆಗ್ಬೇಕಂದ್ರೆ ಆ ಶಬ್ದ ಬರೀ ಗದ್ದಲ ಆಗಿದ್ರೆ ಸಾಲದು, ನಮ್ಮ ಬಗ್ಗೆ ಆಡೋ ಮಾತಾಗಿರ್ಬೇಕು. ಬೆಟ್ಟದಲ್ಲಿ ಪ್ರಾಣಿ, ಕಡಲಲ್ಲಿ ನೀರು, ಸಂತೆಯಲ್ಲಿ ಜನ, ಹೀಗೆ ವಚನ ಕಾಡಿನಿಂದ ಊರಿಗೆ ಇಳಿದು ಬರ್ತಾ ಇದೆ, ಇಳೀತಾ ಇಳೀತಾ ಭಯ ಹೋಗಿ ಅವಮಾನ ಬಂತು. ಮುಂದಿನ ‘ಸ್ತುತಿ ನಿಂದೆ’ಗೆ ಇಲ್ಲಿಂದಲೇ ದಾರಿ. ಈ ಒಂದು ಕ್ರಿಯಾಪದ ಬದಲಾಗದೇ ಹೋಗಿದ್ರೆ ಕೊನೇ ಸಾಲು ಮೇಲಿಂದ ತಂದು ಅಂಟಿಸಿದ ಬುದ್ಧಿಮಾತಿನ ಥರ ಕೇಳಿಸ್ತಿತ್ತು. ಹೆಣ್ಣೊಬ್ಬಳು ಮನೆಬಿಟ್ಟು ಹೊರಟಾಗ ಲೋಕ ಅವಳ ಮೇಲೆ ಮೊದಲು ಎಸೆಯೋದು ಯಾವುದನ್ನ ಅಂತ ಯೋಚನೆ ಮಾಡಿದ್ರೆ ಆ ಪದ ಯಾಕೆ ಬಂತು ಅನ್ನೋದಕ್ಕೆ ಇನ್ನೂ ಒಂದು ಕಾರಣ ಸಿಗಬಹುದು, ಆದ್ರೆ ಅದನ್ನ ಕೊನೆಗಿಡಿ. ಅಕ್ಕ ಬಿಟ್ಟು ಹೊರಟಳು ಅನ್ನೋ ರಾಜ ಕೌಶಿಕನ ಕಥೆಯಿಂದ ಶುರು ಮಾಡಿ ವಚನಕ್ಕೆ ಬರೋದು ಬೇಡ, ಹಾಗೆ ಮಾಡಿದ್ರೆ ಕಥೆನೇ ಎರಡು ಪುಟ ತಿನ್ನುತ್ತೆ.

ಸ್ತುತಿ ಅಂದೆ ನೋಡಿ, ಅಲ್ಲೂ ಒಂದು ಎಡವು ಇದೆ. ನಿಂದೆ ಬಂದ್ರೆ ಕೋಪ ಮಾಡ್ಕೋಬೇಡ ಅನ್ನೋದು ಸರಿ, ಹೊಗಳಿದ್ರೆ ಯಾರಿಗೆ ಕೋಪ ಬರುತ್ತೆ? ಜೋಡಿಪದ, ಸುಮ್ನೆ ಬಂದಿದೆ ಅಂತ ಬಿಡಬಹುದು, ತುಂಬಾ ಜನ ಬಿಡ್ತಾರೆ. ನನಗೆ ಅನ್ಸೋದು, ಸಂತೆಯ ಶಬ್ದ ಅಂತ ಆಗಲೇ ಅಂದಿದ್ದಾಳಲ್ಲ, ಸಂತೆಯಲ್ಲಿ ಹೊಗಳೋದೂ ಬೈಯೋದೂ ಒಂದೇ ಗಂಟಲಲ್ಲಿ ಬರುತ್ತೆ, ಒಂದನ್ನ ಕಿವಿಗೆ ಹಾಕ್ಕೊಂಡ್ರೆ ಇನ್ನೊಂದನ್ನ ಬೇಡ ಅನ್ನೋಕಾಗಲ್ಲ. ಹೊಗಳಿಕೆಗೆ ಹಿಗ್ಗಿದವನು ಬೈಗಳಿಗೆ ಕುಗ್ಗಲೇಬೇಕು. ಇದನ್ನ ನೀವು ಒಪ್ಪಬೇಕಾಗಿಲ್ಲ, ಬೇರೆ ಉತ್ತರ ಕೊಡಿ, ಆದ್ರೆ ಪ್ರಶ್ನೆ ಎತ್ತದೇ ದಾಟಬೇಡಿ.

ಇನ್ನು ಈ ವಚನದ ಅತಿ ದೊಡ್ಡ ತಿರುವು. ಬೆಟ್ಟದ ಮೇಲೆ ಮನೆ ಕಟ್ಟಿದ್ದು ಯಾರು? ನೀನೇ. ಸಮುದ್ರದ ದಂಡೆಯಲ್ಲಿ? ನೀನೇ. ಸಂತೆಯಲ್ಲಿ? ಅದೂ ನೀನೇ. ಮೂರು ಸಲ ‘ಮನೆಯ ಮಾಡಿ’ ಅಂತ ಬರುತ್ತೆ, ಅಂದ್ರೆ ಆರಿಸಿಕೊಂಡದ್ದು ನೀನು, ಹಾಗಾಗಿ ಗೊಣಗೋ ಹಕ್ಕಿಲ್ಲ ಅನ್ನೋ ವಾದ. ನಾಲ್ಕನೇದಕ್ಕೆ ಬಂದಾಗ ಏನಾಯ್ತು? ‘ಲೋಕದೊಳಗೊಂದು ಮನೆಯ ಮಾಡಿ’ ಅನ್ನಬಹುದಿತ್ತು, ಲಯಕ್ಕೂ ಸರಿಹೋಗ್ತಿತ್ತು. ಅನ್ನಲಿಲ್ಲ. ‘ಹುಟ್ಟಿದ ಬಳಿಕ’ ಅಂದ್ಲು. ಹುಟ್ಟನ್ನ ಯಾರು ಆರಿಸಿಕೊಂಡಿದ್ದಾರೆ ಹೇಳಿ. ಅಂದ್ರೆ ಮೂರು ದೃಷ್ಟಾಂತ ಯಾವ ತರ್ಕದ ಮೇಲೆ ನಿಂತಿದ್ವೋ ಆ ತರ್ಕ ನಾಲ್ಕನೇ ಮೆಟ್ಟಿಲಲ್ಲಿ ಇಲ್ಲವೇ ಇಲ್ಲ, ಆದ್ರೂ ನಮಗೆ ಅದು ಗೊತ್ತಾಗಲ್ಲ, ಮೂರು ಸಲ ‘ಎಂತಯ್ಯಾ’ ಕೇಳಿ ತಲೆ ಆಡಿಸಿದ ಕಿವಿ ನಾಲ್ಕನೇ ಸಲವೂ ತಾನಾಗೇ ತಲೆ ಆಡಿಸಿಬಿಡುತ್ತೆ. ಲಯ ನಮ್ಮನ್ನ ಒಪ್ಪಿಸಿದ ಜಾಗ ಅದು, ವಾದ ಒಪ್ಪಿಸಿದ್ದಲ್ಲ.

ಇದನ್ನ ದೋಷ ಅಂತೀರೋ ಗುಣ ಅಂತೀರೋ? ಇಲ್ಲಿ ನಿಮ್ಮ ತೀರ್ಮಾನ ಬೇಕು, ಮೇಡಮ್ ಕೇಳ್ತಿರೋ ವಿಶ್ಲೇಷಣೆ ಅಂದ್ರೆ ಇದೇ. ನನ್ನ ಓದು ಹೀಗೆ: ಆ ಬಿರುಕು ಇರೋದ್ರಿಂದಲೇ ವಚನ ಬುದ್ಧಿಮಾತಾಗಿ ಉಳಿಯಲ್ಲ. ಆರಿಸಿಕೊಳ್ಳದ ಹುಟ್ಟನ್ನೂ ತಾನೇ ಕಟ್ಟಿಕೊಂಡ ಮನೆ ಅನ್ನೋ ಹಾಗೆ ಒಪ್ಪಿಕೊಳ್ಳೋದು ಎಷ್ಟು ಕಷ್ಟ ಅಂತ ಮಾತಾಡ್ತಿರೋಳಿಗೂ ಗೊತ್ತು, ಅದಕ್ಕೇ ಪ್ರಶ್ನೆ ಕೇಳ್ತಿದ್ದೋಳು ತಟ್ಟನೆ ‘ಇರಬೇಕು’ ಅಂತ ವಿಧಿಗೆ ಹೊರಳ್ತಾಳೆ, ಲಯವನ್ನೂ ಬಿಟ್ಟು ಉದ್ದ ಗದ್ಯದ ಸಾಲಿಗೆ ಬರ್ತಾಳೆ. ಆ ‘ಬೇಕು’ ಯಾರಿಗೆ ಹೇಳಿದ್ದು ನೋಡಿ, ‘ಕೇಳಯ್ಯಾ’ ಅಂತ ದೇವರನ್ನ ಕೂರಿಸಿಕೊಂಡು ಹೇಳ್ತಿದ್ದಾಳೆ, ಚೆನ್ನಮಲ್ಲಿಕಾರ್ಜುನನಿಗೆ ಸಮಾಧಾನದ ಪಾಠ ಬೇಕಿಲ್ವಲ್ಲ. ಅವನ ಮುಂದೆ ನಿಂತು ತನಗೆ ತಾನೇ ಹೇಳ್ಕೊಳ್ತಿದ್ದಾಳೆ. ಅಂಕಿತ ಅಂದ್ರೆ ಬರೀ ಸಹಿ ಅಂತ ಬರೆದಿದ್ರಿ ಅನ್ಸುತ್ತೆ, ಇಲ್ಲಿ ಅದು ಸಾಕ್ಷಿ ಕರೆಯೋ ಕೆಲಸ ಮಾಡ್ತಿದೆ.

ಈಗ ವಸ್ತು ಏನು ಅಂತ ಕೇಳಿದ್ರೆ ‘ಸಹನೆ’ ಅನ್ನೋ ಒಂದು ಪದ ಸಾಲುತ್ತಾ? ಒಂದು ಪದ ಯಾವತ್ತೂ ವಸ್ತು ಆಗಲ್ಲ, ಅದು ಬರೀ ವಿಷಯದ ಹೆಸರು. ವಸ್ತು ಅಂದ್ರೆ ಪೂರ್ತಿ ವಾಕ್ಯ, ಅದ್ರಲ್ಲಿ ಕ್ರಿಯಾಪದ ಇರ್ಬೇಕು, ಯಾರಾದ್ರೂ ‘ಇಲ್ಲ, ನಾನು ಒಪ್ಪಲ್ಲ’ ಅನ್ನೋ ಹಾಗಿರ್ಬೇಕು. ‘ನಾವು ಆರಿಸದ ಬದುಕನ್ನ ನಾವೇ ಆರಿಸಿದ್ದು ಅನ್ನೋ ಹಾಗೆ ಬಾಳಬೇಕಾದ ಕಷ್ಟವನ್ನ ಈ ವಚನ ತನಗೇ ಹೇಳಿಕೊಳ್ಳುತ್ತೆ’ ಅಂತ ಬರೆದ್ರೆ ಯಾರಾದ್ರೂ ಜಗಳಕ್ಕೆ ಬರಬಹುದು, ಬರಲಿ.

ಮಾತಾಡ್ತಿರೋಳು ಅಂತ ನಾನು ಬೇಕಂತಲೇ ಬರೆದೆ, ‘ಅಕ್ಕ’ ಅಂತ ಪ್ರತಿ ಸಲ ಬರೀಲಿಲ್ಲ. ಕವಿತೆಯೊಳಗೆ ಮಾತಾಡೋರು ಮತ್ತು ಬರೆದೋರು ಒಂದೇ ಅಂತ ಹಿಡಿದ್ರೆ ಕೆಲವು ಕಡೆ ದೊಡ್ಡ ವಿಷಯನೇ ತಪ್ಪಿಹೋಗುತ್ತೆ. ‘ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡಲಿ ಬಡವನಯ್ಯಾ’ ಇದೆಯಲ್ಲ, ಇದನ್ನ ಹೇಳಿದ ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ ಆಗಿದ್ದವನು. ಖಜಾನೆ ನೋಡ್ಕೊಳ್ತಿದ್ದವನ ಬಾಯಲ್ಲಿ ‘ಬಡವನಯ್ಯಾ’! ಸುಳ್ಳು ಅನ್ನೋಣ್ವಾ? ಅಲ್ಲ, ಅವನು ಒಬ್ಬ ಬಡವನ ದನಿ ಕಟ್ಟಿ ನಿಲ್ಲಿಸಿದ್ದಾನೆ. ಆ ದನಿ ಮೊದಲು ಕೈಚೆಲ್ಲುತ್ತೆ, ಪಾಪ ಅನ್ಸೋ ಹಾಗೆ, ಮುಂದಿನ ಸಾಲಲ್ಲೇ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ’ ಅಂತ ಶ್ರೀಮಂತನ ಇಡೀ ಗುಡಿಯನ್ನ ತನ್ನ ಮೈಮೇಲೆ ಏರಿಸಿಕೊಂಡು ಬಿಡುತ್ತೆ, ಕೊನೆಗೆ ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’ ಅಂದಾಗ ಪಾಪ ಅನ್ನಿಸ್ಕೋಬೇಕಾದೋರು ಯಾರು ಅನ್ನೋದೇ ತಲೆಕೆಳಗಾಗಿರುತ್ತೆ. ಸೋತ ಹಾಗೆ ಶುರು ಮಾಡಿ ಗೆಲ್ಲೋ ಮಾತು. ಇದನ್ನ ‘ರೂಪಕಾಲಂಕಾರ’ ಅಂತ ಒಂದು ಪದದಲ್ಲಿ ಮುಗಿಸಿದ್ರೆ ಹೇಗೆ?

ಪುರಂದರದಾಸರ ‘ಆದದ್ದೆಲ್ಲ ಒಳಿತೇ ಆಯಿತು’ ಕೂಡ ಹಾಗೇ, ದಂಡಿಗೆ ಬೆತ್ತ ಹಿಡಿಯೋಕೆ ನಾಚ್ತಿದ್ದೆ, ಹೆಂಡತಿ ಹಿಡಿಸಿದಳು, ಅವಳ ಸಂತತಿ ಸಾವಿರವಾಗಲಿ ಅನ್ನೋ ಪದ. ಅದ್ರಲ್ಲಿ ನಗು ಎಷ್ಟು, ಕೃತಜ್ಞತೆ ಎಷ್ಟು, ಗಂಡಸಿನ ಹುಸಿಮುನಿಸು ಎಷ್ಟು ಅನ್ನೋದನ್ನ ಬಿಡಿಸೋಕೆ ಕೂತ್ರೆ ಒಳ್ಳೇ ಲೇಖನ ಆಗುತ್ತೆ. ಎಲ್ಲರೂ ಏನು ಮಾಡ್ತಾರೆ ಅಂದ್ರೆ ಹೆಂಡತಿ ಮೂಗುತಿ ದಾನ ಕೊಟ್ಟಿದ್ರಿಂದ ಜಿಪುಣ ವ್ಯಾಪಾರಿ ದಾಸನಾದ ಅನ್ನೋ ಕಥೆ ಹೇಳಿ ಮುಗಿಸ್ತಾರೆ. ಇಲ್ಲಿ ಪುಣೆ ಕಡೆಯವರಿಗೆ ಇನ್ನೊಂದು ಆಸೆ, ದಾಸರು ನಮ್ಮ ಪುರಂದರಗಡದವರು ಅಂತ ಸಾಧಿಸೋದು, ತೀರ್ಥಹಳ್ಳಿ ಕಡೆಯವರು ಅಲ್ಲ ನಮ್ಮವರು ಅಂತಾರೆ. ಇರಲಿ ಬಿಡಿ, ಊರು ಯಾವುದಾದ್ರೂ ಆ ಪದದೊಳಗಿನ ನಗು ಬದಲಾಗಲ್ಲ.

ಲೇಖಕರ ಹೆಸರು ಓದಿನ ಮೇಲೆ ಎಷ್ಟು ಭಾರ ಹಾಕುತ್ತೆ ಅನ್ನೋದಕ್ಕೆ ಐ.ಎ. ರಿಚರ್ಡ್ಸ್ ಅನ್ನೋ ಇಂಗ್ಲಿಷ್ ವಿಮರ್ಶಕ ಕೇಂಬ್ರಿಜ್‌ನಲ್ಲಿ ಒಂದು ಕೆಲಸ ಮಾಡಿದ, ಹೆಸರು ತೆಗೆದ ಕವಿತೆಗಳನ್ನ ವಿದ್ಯಾರ್ಥಿಗಳಿಗೆ ಕೊಟ್ಟು ಏನನ್ಸುತ್ತೆ ಬರೀರಿ ಅಂದ. ಅವರು ಬರೆದದ್ದನ್ನ ಇಟ್ಕೊಂಡು 1929ರಲ್ಲಿ ಪುಸ್ತಕವನ್ನೇ ತಂದ, ಓದು ಬಲ್ಲವರು ಅನ್ನಿಸ್ಕೊಂಡವರೂ ಎಷ್ಟು ಎಡವಿದ್ರು ಅಂತ ಅದ್ರಲ್ಲಿ ಗೊತ್ತಾಗುತ್ತೆ. ನಮ್ಮ ವಚನಗಳಲ್ಲಿ ಹೆಸರು ಮುಚ್ಚಿಡೋದು ಕಷ್ಟ, ಅಂಕಿತ ದೇವರದ್ದಾದ್ರೂ ಆಳು ಯಾರು ಅಂತ ಅದೇ ಹೇಳ್ಬಿಡುತ್ತೆ. ಆದ್ರೂ ಒಂದು ಸಲ ಅಂಕಿತದ ಸಾಲನ್ನ ಬೆರಳಲ್ಲಿ ಮುಚ್ಚಿ ಓದಿ ನೋಡಿ.

ಅಲಂಕಾರದ ಹೆಸರು ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ, ಪರೀಕ್ಷೆಯಲ್ಲಿ ಬೇಕು, ಮತ್ತೆ ಹೆಸರು ಗೊತ್ತಿದ್ರೆ ಕಣ್ಣು ಬೇಗ ಗುರುತು ಹಿಡಿಯುತ್ತೆ. ಮೊದಲು ಕೆಲಸ ಹೇಳಿ, ಆಮೇಲೆ ಹೆಸರು ಹೇಳಿ ಅಷ್ಟೇ. ಕನ್ನಡದಲ್ಲಿ ಸಿಕ್ಕಿರೋ ಮೊದಲ ಗ್ರಂಥ ಕವಿರಾಜಮಾರ್ಗ, 9ನೇ ಶತಮಾನದ್ದು, ರಾಷ್ಟ್ರಕೂಟರ ನೃಪತುಂಗನ ಕಾಲದ್ದು, ಅದೇ ಒಂದು ಅಲಂಕಾರಗ್ರಂಥ ಅನ್ನೋದು ತಮಾಷೆ ಅಲ್ವಾ. ಅದ್ರಲ್ಲೂ ಮೂರು ಪರಿಚ್ಛೇದ ಇವೆ, ಶಬ್ದಾಲಂಕಾರ ಅರ್ಥಾಲಂಕಾರ ಎರಡೂ ಆಮೇಲೆ ಬರೋದು, ಮೊದಲ ಪರಿಚ್ಛೇದದ ಮುಖ್ಯ ವಿಷಯ ಯಾವುದು ದೋಷ ಯಾವುದು ದೋಷ ಅಲ್ಲ ಅನ್ನೋ ವಿಚಾರ. ಅಂದ್ರೆ ಮೊದಲು ತೂಗಿ ನೋಡೋದು, ಆಮೇಲೆ ಹೆಸರಿಡೋದು. ಕಾವೇರಿಯಿಂದ ಗೋದಾವರಿವರೆಗಿನ ಕನ್ನಡನಾಡು ಅಂತ ಹೇಳೋದು ಅದೇ ಗ್ರಂಥ, ಗೋದಾವರಿ ಹುಟ್ಟೋದು ನಮ್ಮ ನಾಶಿಕದ ತ್ರ್ಯಂಬಕೇಶ್ವರದ ಹತ್ರ, ಆ ನಾಡಿನ ಜನ ‘ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’, ಅಂದ್ರೆ ಕೂತು ಓದದೇ ಇದ್ರೂ ಕಾವ್ಯದಲ್ಲಿ ಪಳಗಿದ ಬುದ್ಧಿಯವರು ಅಂತ ಅದು ಹೊಗಳುತ್ತೆ. ಭುಲೇಶ್ವರದ ಆ ಹುಡುಗನ್ನ ನೆನೆಸ್ಕೊಂಡ್ರೆ ಅದು ಉತ್ಪ್ರೇಕ್ಷೆ ಅಂತ ನನಗಂತೂ ಅನ್ಸಲ್ಲ.

ಒಂದು ಎಚ್ಚರಿಕೆ. ಛಂದಸ್ಸಿನ ನಿಯಮವನ್ನ ಕವಿಯ ತಂತ್ರ ಅಂತ ಬರೀಬೇಡಿ. ಕುಮಾರವ್ಯಾಸನ ‘ತಿಳಿಯ ಹೇಳುವೆ ಕೃಷ್ಣಕಥೆಯನು / ಇಳೆಯ ಜಾಣರು ಮೆಚ್ಚುವಂತಿರೆ’ ತಗೊಳ್ಳಿ, ಎರಡೂ ಸಾಲಲ್ಲಿ ಎರಡನೇ ಅಕ್ಷರ ಳ. ‘ಇಲ್ಲಿ ಆದಿಪ್ರಾಸ ಇದೆ, ಇದರಿಂದ ಪದ್ಯ ಸುಂದರವಾಗಿದೆ’ ಅಂತ ಬರೆದ ಪೇಪರ್‌ಗಳನ್ನ ನೋಡಿ ನೋಡಿ ಸಾಕಾಗಿದೆ. ಷಟ್ಪದಿ ಅನ್ನೋ ಆರು ಸಾಲಿನ ಪದ್ಯದಲ್ಲಿ ಆದಿಪ್ರಾಸ ಇರಲೇಬೇಕು, ಇದ್ರೆ ಅದು ಸಾಧನೆ ಅಲ್ಲ. ಕೇಳಬೇಕಾದ್ದು, ಪ್ರಾಸಕ್ಕೋಸ್ಕರ ಕವಿ ಯಾವ ಎರಡು ಪದಗಳನ್ನ ಎದುರುಬದುರು ಕೂರಿಸಿದ, ಹಾಗೆ ಕೂತ ಮೇಲೆ ಅವು ಒಂದಕ್ಕೊಂದು ಏನಾದ್ರೂ ಹೇಳ್ತಿವೆಯಾ ಅಂತ. ಕೆಲವು ಸಲ ಏನೂ ಹೇಳ್ತಿರಲ್ಲ, ಆಗ ಸುಮ್ನಿದ್ದುಬಿಡಿ.

ಧ್ವನಿ, ಅಂದ್ರೆ ಹೇಳದೇ ಹೊಳೆಯೋ ಅರ್ಥದ ಬಗ್ಗೆ ಪಠ್ಯದಲ್ಲಿ ‘ಗಂಗಾಯಾಂ ಘೋಷಃ’ ಅನ್ನೋ ಹಳೇ ಉದಾಹರಣೆ ಬಂದಿರುತ್ತೆ, ಗಂಗೆಯ ಮೇಲೆ ಹಳ್ಳಿ ಅಂತ, ಅದು ನೇರ ಅರ್ಥ, ವಾಚ್ಯಾರ್ಥ. ನೀರಿನ ಮೇಲೆ ಹಳ್ಳಿ ಇರೋಕಾಗಲ್ಲ, ಹಾಗಾಗಿ ದಡದ ಮೇಲೆ ಅಂತ ಅರ್ಥ ಮಾಡ್ಕೋತೀವಿ, ಅದು ಲಕ್ಷ್ಯಾರ್ಥ. ದಡ ಅಂತಲೇ ಹೇಳದೇ ಗಂಗೆ ಅಂದಿದ್ದಕ್ಕೆ ತಂಪು, ಪಾವಿತ್ರ್ಯ ಎಲ್ಲಾ ಜೊತೆಗೆ ಬಂತು, ಅದು ವ್ಯಂಗ್ಯಾರ್ಥ. ನಮ್ಮ ಬ್ರೋಕರ್ ‘ಸ್ಟೇಷನ್ ಮೇಲೇ ಫ್ಲ್ಯಾಟ್ ಇದೆ’ ಅಂದಾಗ ನಾವು ಹಳಿ ಮೇಲೆ ಬಿಲ್ಡಿಂಗ್ ಇದೆ ಅಂತ ತಿಳ್ಕೊಳಲ್ವಲ್ಲ, ಹತ್ತು ನಿಮಿಷದ ನಡಿಗೆ ಅಂತ ಗೊತ್ತಿರುತ್ತೆ, ಆದ್ರೂ ಮನಸ್ಸಿಗೆ ರಿಕ್ಷಾ ಖರ್ಚು ಉಳೀತು ಅನ್ಸಿರುತ್ತೆ. ಸಂಸ್ಕೃತದ ಹಳೇ ಕಾವ್ಯಮೀಮಾಂಸಕ ಆನಂದವರ್ಧನ ಕಾವ್ಯದ ಆತ್ಮ ಅಂದದ್ದು ಹೀಗೆ ಹೇಳದೇ ಹೊಳೆಯೋದನ್ನ. ಅಸೈನ್‌ಮೆಂಟಲ್ಲಿ ಈ ಮೂರು ಅರ್ಥಗಳ ವ್ಯಾಖ್ಯೆ ಬರೆದು ಪುಟ ತುಂಬಿಸೋ ಬದಲು ಹೊಳೆಯೋ ಒಂದು ಜಾಗ ತೋರಿಸಿ ಸಾಕು. ಅರಿಸ್ಟಾಟಲ್ ವಾಕ್ಚಾತುರ್ಯಕ್ಕೆ ಹೇಳಿದ ಮೂರು ದಾರಿ, ಮಾತಾಡೋನ ಮೇಲಿನ ನಂಬಿಕೆ, ಕೇಳೋನ ಭಾವ, ತರ್ಕ, ಇವಕ್ಕೂ ಇದೇ ಮಾತು.

ಇನ್ನು ಸಣ್ಣಕಥೆ. ದಾರಿ ಅದೇ, ಆದ್ರೆ ಎಡವೋ ಜಾಗ ಬೇರೆ ಕಡೆ ಇರುತ್ತೆ. ಗದ್ಯದಲ್ಲಿ ಉಪಮೆ ರೂಪಕ ಹುಡುಕ್ತಾ ಕೂತ್ರೆ ಒಂದೋ ಎರಡೋ ಸಿಗುತ್ತೆ, ಅದ್ರಿಂದ ಏನೂ ಆಗಲ್ಲ. ಕಥೆಯಲ್ಲಿ ಮೊದಲು ಕೇಳಬೇಕಾದ್ದು ಈ ವಾಕ್ಯ ಯಾರದ್ದು ಅಂತ. ನಾನೇ ಎರಡು ಮಾದರಿ ಬರೀತೀನಿ ನೋಡಿ.

ಒಂದು: ‘ಶಾಂತಾ ಲೋಕಲ್ ಹತ್ತಿದಳು. ಊರಿನ ಮಳೆ ನೆನಪಾಗಿ ಅವಳಿಗೆ ದುಃಖವಾಯಿತು.’

ಎರಡು: ‘ದಾದರಿನಲ್ಲಿ ಶಾಂತಾಗೆ ಚೌಥಿ ಸೀಟು ಸಿಕ್ಕಿತು. ಊರಲ್ಲಿ ಈಗ ಮಳೆ ಶುರುವಾಗಿರಬೇಕು. ಇರಲಿ, ಇಲ್ಲೇನು ಮಳೆ ಇಲ್ಲವೇ.’

ಮೊದಲನೇದ್ರಲ್ಲಿ ಕಥೆ ಹೇಳೋನು ದುಃಖ ಅಂತ ಚೀಟಿ ಅಂಟಿಸಿ ಕೊಟ್ಟ, ನಮಗೆ ಮಾಡೋಕೆ ಏನೂ ಉಳೀಲಿಲ್ಲ. ಎರಡನೇದ್ರಲ್ಲಿ ‘ಇರಲಿ, ಇಲ್ಲೇನು ಮಳೆ ಇಲ್ಲವೇ’ ಅಂದದ್ದು ಯಾರು? ಉದ್ಧರಣ ಚಿಹ್ನೆ ಇಲ್ಲ, ‘ಅಂದುಕೊಂಡಳು’ ಇಲ್ಲ, ಆದ್ರೂ ಅದು ಶಾಂತಾಳ ದನಿ, ನಿರೂಪಕನ ವಾಕ್ಯದೊಳಗೆ ಸದ್ದಿಲ್ಲದೆ ಬಂದು ಕೂತಿದೆ, ಲೋಕಲಿನ ಚೌಥಿ ಸೀಟಲ್ಲಿ, ಅಂದ್ರೆ ಮೂವರ ಬೆಂಚಿನ ತುದಿಗೆ ನಾಲ್ಕನೆಯವಳಾಗಿ ಅರ್ಧ ಸೀಟಿನಲ್ಲಿ ಕೂತ ಹಾಗೇ. ದುಃಖ ಅನ್ನೋ ಪದ ಎಲ್ಲೂ ಇಲ್ಲ, ಆದ್ರೆ ತನಗೆ ದುಃಖ ಇಲ್ಲ ಅಂತ ಅವಳು ತನ್ನನ್ನೇ ಒಪ್ಪಿಸೋಕೆ ನೋಡ್ತಿರೋದು ಕೇಳಿಸುತ್ತೆ. ಇಂಥ ಕಥೆಗೆ ‘ವಸ್ತು: ಊರಿನ ಹಂಬಲ’ ಅಂತ ಬರೆದ್ರೆ ತಪ್ಪು, ಹಂಬಲ ಇಲ್ಲ ಅಂತ ತೋರಿಸಿಕೊಳ್ಳೋ ಪ್ರಯತ್ನ ಅಲ್ಲಿನ ವಸ್ತು. ಈ ಒಂದು ವಾಕ್ಯದ ದನಿ ಗುರುತಿಸದೇ ಇದ್ರೆ ಆ ವಸ್ತು ಸಿಗೋದೇ ಇಲ್ಲ.

ಆಮೇಲೆ ಶೀರ್ಷಿಕೆ. ಅದನ್ನ ಯಾರೂ ತಂತ್ರ ಅಂತ ಎಣಿಸಲ್ಲ ಯಾಕೋ. ಜಯಂತ ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ ತಗೊಳ್ಳಿ, ಮದುವೆ ಮೆರವಣಿಗೆಯ ಬಾಡಿಗೆ ಕುದುರೆ ಮದುಮಗನನ್ನ ಹೊತ್ಕೊಂಡು ಓಡಿಹೋಗೋ ಮುಂಬಯಿ ಕಥೆ. ಚಕ್ರವರ್ತಿಗಳು ದಿಗ್ವಿಜಯಕ್ಕೆ ಬಿಡೋ ಕುದುರೆಯ ಹೆಸರನ್ನ ತಂದು ಈ ಕುದುರೆಗೆ ಇಟ್ಟಿದ್ದಾರೆ. ಬರೀ ನಗೋಕೆ ಇಟ್ಟ ಹೆಸರಾ, ಅಥವಾ ಕಥೆ ಮುಂದುವರಿದ ಹಾಗೆ ಆ ಹೆಸರಿಗೆ ದಗಡೂ ತಕ್ಕವನಾಗ್ತಾನಾ? ಇದನ್ನ ಇಟ್ಕೊಂಡೇ ಇಡೀ ಕಥೆ ಓದಬಹುದು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಹಾಗೇ, ಮುಂಬಯಿಯ ಕಂಪನಿ ಆಫೀಸುಗಳ ಕಾದಂಬರಿಗೆ ಕಾಡಿನ ಹೆಸರು. ಬೇಟೆ ಆಡೋನು ಯಾರು, ಬೇಟೆ ಯಾರು, ಅದು ಕೊನೇವರೆಗೂ ಹಾಗೇ ಇರುತ್ತಾ ಅಂತ ಪ್ರತಿ ಅಧ್ಯಾಯಕ್ಕೂ ಕೇಳ್ತಾ ಹೋಗಿ.

ಮುಂಬಯಿ ಕಥೆ ಅಂದಕೂಡ್ಲೇ ‘ನಗರ ಜೀವನದ ಯಾಂತ್ರಿಕತೆ’, ‘ಅನಾಥಪ್ರಜ್ಞೆ’ ಅಂತ ಬರೆಯೋ ಚಾಳಿ ಒಂದಿದೆ, ಧಾರವಾಡ ಮೈಸೂರಲ್ಲಿ ಕೂತು ಬರೆಯೋರು ಬರೀಲಿ, ದಿನಾ ಲೋಕಲಿನಲ್ಲಿ ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ. ಸ್ಟೇಷನ್‌ಗೆ ಹೋಗಿ ಬರೋ ನೀವು ಬರೀಬೇಡಿ. ಆ ಗಾಡಿಯಲ್ಲಿ ಯಾಂತ್ರಿಕತೆಯೂ ಇದೆ, ಭಜನೆ ಮಂಡಳಿಯೂ ಇದೆ, ತರಕಾರಿ ಬಿಡಿಸ್ತಾ ಜಗಳ ಆಡೋರೂ ಇದ್ದಾರೆ, ನಿಮಗೆ ಗೊತ್ತಿರೋದೇ. ಮೊದಲೇ ಸಿದ್ಧವಾಗಿರೋ ಪದವನ್ನ ಕಥೆ ಮೇಲೆ ಹೊದೆಸಿದ್ರೆ ಕಥೆ ಎಲ್ಲಿ ಆ ಪದಕ್ಕೆ ಒಗ್ಗದೇ ಒದೆಯುತ್ತೆ ಅನ್ನೋದು ಕಾಣಲ್ಲ, ನಮಗೆ ಬೇಕಾದ್ದು ಆ ಒದೆತಾನೇ.

ಈಗ ನಿಮ್ಮ ಅಸೈನ್‌ಮೆಂಟ್‌ಗೆ ವಾಪಸ್. ಪೂರ್ತಿ ಹರಿದು ಹಾಕಬೇಡಿ, ಪಟ್ಟಿಯಲ್ಲಿರೋ ನಾಲ್ಕು ತಂತ್ರಗಳಿಗೆ ನಾಲ್ಕು ಪ್ಯಾರಾ ಅನ್ನೋ ಲೆಕ್ಕ ಬಿಟ್ಬಿಡಿ ಅಷ್ಟೇ. ಮೊದಲ ಎರಡು ದೃಷ್ಟಾಂತಕ್ಕೆ ನಾಲ್ಕೈದು ಸಾಲು ಸಾಕು, ಅಲ್ಲಿ ಹೆಚ್ಚೇನೂ ಆಗ್ತಿಲ್ಲ, ಜಾಡು ಹಾಕೋದಷ್ಟೇ ಅವುಗಳ ಕೆಲಸ. ‘ನಾಚಿ’ಗೆ ಅರ್ಧ ಪುಟ ಕೊಡಿ. ‘ಮಾಡಿ’ ಹೋಗಿ ‘ಹುಟ್ಟಿ’ ಬಂದ ಜಾಗಕ್ಕೆ ಒಂದು ಪೂರ್ತಿ ಪುಟ, ಅಲ್ಲಿ ನಾನು ಹೇಳಿದ್ದನ್ನ ಹಾಗೇ ಬರೀಬೇಡಿ, ಬಿರುಕು ಇದೆ ಅಂತ ನಿಮಗೆ ಅನ್ಸುತ್ತಾ ಇಲ್ವಾ ಅನ್ನೋದನ್ನ ಬರೀರಿ. ಪೂರ್ವಜನ್ಮ, ಕರ್ಮ ಇವನ್ನ ಒಪ್ಪೋ ಓದುಗರಿಗೆ ಹುಟ್ಟೂ ಕೂಡ ತಾನೇ ಕಟ್ಟಿಕೊಂಡ ಮನೆ ಅನ್ಸಬಹುದು, ಆಗ ಬಿರುಕೇ ಇಲ್ಲ, ವಾದ ಗಟ್ಟಿಯಾಗೇ ಇದೆ. ಆ ಪಕ್ಷ ಹಿಡೀತೀರಾದ್ರೆ ವಚನದಲ್ಲೇ ಅದಕ್ಕೆ ಆಧಾರ ತೋರಿಸಬೇಕು, ನಾನು ನೋಡಿದ ಮಟ್ಟಿಗೆ ಈ ವಚನದಲ್ಲಿ ಅಂಥ ಸುಳಿವು ಇಲ್ಲ, ಬೇರೆ ವಚನಗಳಿಂದ ತರಬೇಕಾಗುತ್ತೆ, ತರಬಹುದು ಕೂಡ. ವಸ್ತು ಏನು ಅನ್ನೋ ವಾಕ್ಯವನ್ನ ಇಷ್ಟೆಲ್ಲಾ ಆದ ಮೇಲೆ ಬರೆದು, ಆಮೇಲೆ ತಗೊಂಡುಹೋಗಿ ಮೊದಲ ಪ್ಯಾರಾದಲ್ಲಿ ಕೂರಿಸಿ. ಅಲಂಕಾರದ ಹೆಸರುಗಳು ನಡುನಡುವೆ ಬಂದ್ರೆ ಬರಲಿ, ಹೆಡ್ಡಿಂಗ್ ಮಾತ್ರ ಬೇಡ.